ಹಳೆಯ ಎಲೆಕ್ಟ್ರಿಕ್ ಗಿಟಾರ್ ಕೊಳ್ಳುವ ಮುನ್ನ



ಕ್ರಿಸ್ಮಸ್ ಹತ್ತಿರವಾದಂತೆ ನಮ್ಮ ಧರ್ಮಕೇಂದ್ರಗಳ ಗಾನವೃಂದಗಳಲ್ಲಿ ಅಭ್ಯಾಸ ಶುರುವಾಗುತ್ತದೆ. ಅದರ ಜೊತೆಯಲ್ಲೇ ಹಲವು ಮನೆಗಳಲ್ಲಿ ಒಂದು ಬೇಡಿಕೆಯೂ ಶುರುವಾಗುತ್ತದೆ: "ಅಪ್ಪಾ, ನನಗೊಂದು ಎಲೆಕ್ಟ್ರಿಕ್ ಗಿಟಾರ್ ಕೊಡಿಸಿ." ಅಂಗಡಿಯಲ್ಲಿ ಹೊಸದರ ಬೆಲೆ ಕೇಳಿದ ತಂದೆ ಸುಮ್ಮನಾಗುತ್ತಾರೆ. ಆಮೇಲೆ ಯಾರೋ ಸುದ್ದಿ ತರುತ್ತಾರೆ. ಪಕ್ಕದ ಊರಿನಲ್ಲಿ ಒಬ್ಬರು ಹಳೆಯದೊಂದನ್ನು ಮಾರುತ್ತಾರಂತೆ, ಗಲ್ಫ್‌ನಿಂದ ತಂದದ್ದಂತೆ, ಫೆಂಡರ್ ಅಂತೆ, ಎಂಟು ಸಾವಿರಕ್ಕೆ ಕೊಡುತ್ತಾರಂತೆ. ಇಷ್ಟೊಂದು 'ಅಂತೆ'ಗಳ ನಡುವೆ ನಿಜ ಎಷ್ಟು?

ಇದು ಬರೀ ಎಂಟು ಸಾವಿರ ರೂಪಾಯಿಯ ಪ್ರಶ್ನೆಯಲ್ಲ. ಕೆಟ್ಟ ಗಿಟಾರ್ ಕೈಗೆ ಸಿಕ್ಕ ಮಗು ಕೆಟ್ಟದ್ದು ಗಿಟಾರ್ ಎಂದುಕೊಳ್ಳುವುದಿಲ್ಲ, ತನಗೇ ಸಂಗೀತ ಬರುವುದಿಲ್ಲ ಎಂದುಕೊಳ್ಳುತ್ತದೆ. ತಂತಿಗಳು ಬೆರಳಿಗೆ ಎಟುಕದಷ್ಟು ಮೇಲಿರುತ್ತವೆ, ಎಷ್ಟು ಶ್ರುತಿ ಮಾಡಿದರೂ ಅಪಸ್ವರ ಬರುತ್ತದೆ, ಬೆರಳು ನೋಯುತ್ತದೆ. ಮೂರು ತಿಂಗಳಲ್ಲಿ ಗಿಟಾರ್ ಅಟ್ಟ ಸೇರುತ್ತದೆ. "ನಮ್ಮ ಹುಡುಗನಿಗೆ ಅದು ಒಗ್ಗಲಿಲ್ಲ" ಎಂದು ಮನೆಯವರು ಹೇಳುತ್ತಾರೆ. ಒಗ್ಗದಿದ್ದದ್ದು ಹುಡುಗನಿಗಲ್ಲ, ಆ ಗಿಟಾರ್‌ನ ಕುತ್ತಿಗೆ ಬಾಗಿತ್ತು ಎಂಬುದನ್ನು ನೋಡಿದವರು ಯಾರೂ ಇಲ್ಲ.

ಆದುದರಿಂದ ಹಳೆಯದನ್ನು ಕೊಳ್ಳುವಾಗ ಯಾವುದು ಮುಖ್ಯ, ಯಾವುದು ಮುಖ್ಯವಲ್ಲ ಎಂಬುದನ್ನು ಸ್ವಲ್ಪ ವಿವರವಾಗಿ ನೋಡೋಣ.

ಮೊದಲು ಹೆಸರಿನ ವಿಷಯ. ಗಿಟಾರ್‌ನ ತಲೆಯ ಮೇಲೆ, ಅಂದರೆ ತಂತಿ ಬಿಗಿಯುವ ಕೀಗಳಿರುವ ಭಾಗದಲ್ಲಿ, ಕಂಪನಿಯ ಹೆಸರು ಇರುತ್ತದೆ. ಎಲ್ಲರೂ ಮೊದಲು ನೋಡುವುದು ಅದನ್ನೇ. ಇಡೀ ಗಿಟಾರ್‌ನಲ್ಲಿ ಬದಲಾಯಿಸಲು ಅತಿ ಸುಲಭವಾದ ಭಾಗವೂ ಅದೇ. ಅಂಟಿಸುವ ಹೆಸರಿನ ಪಟ್ಟಿಗಳು ಸಲೀಸಾಗಿ ಸಿಗುತ್ತವೆ. ಹೆಸರಿನ ಅಂಚನ್ನು ಬೆರಳಿನಿಂದ ಸವರಿ ನೋಡಿ. ಮೆರುಗಿನ ಮೇಲೆ ಬೇರೆಯಾಗಿ ಎದ್ದು ನಿಂತಿದ್ದರೆ, ಕೆಳಗೆ ಹಳೆಯ ಹೆಸರನ್ನು ಉಜ್ಜಿದ ಗುರುತು ಕಂಡರೆ, ಸಂಶಯ ಪಡಲು ಕಾರಣವಿದೆ. ಎದ್ದು ನಿಂತ ಮಾತ್ರಕ್ಕೆ ಅದು ನಕಲಿ ಎಂದೂ ಅಲ್ಲ, ಏಕೆಂದರೆ ಕೆಲವು ಅಸಲಿ ಗಿಟಾರ್‌ಗಳಲ್ಲೂ ಹೆಸರನ್ನು ಮೆರುಗಿನ ಮೇಲೆಯೇ ಅಂಟಿಸಿರುತ್ತಾರೆ.

ಹೆಸರುಗಳಲ್ಲೂ ಗೊಂದಲವಿದೆ. 'ಗಿಬ್ಸನ್' ಅಮೆರಿಕದ ಕಂಪನಿ. 'ಗಿವ್ಸನ್' ನಮ್ಮ ದೇಶದ್ದೇ ಬೇರೆ ಕಂಪನಿ. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ. ಗಿವ್ಸನ್ ಹಿಡಿದು ಕಲಿತವರು ನಮ್ಮಲ್ಲಿ ಎಷ್ಟೋ ಮಂದಿ ಇದ್ದಾರೆ. ಅದನ್ನು ಹೀಗಳೆಯುವುದು ನನ್ನ ಉದ್ದೇಶವಲ್ಲ, ಗಿಬ್ಸನ್‌ನ ಬೆಲೆ ಕೊಡಬೇಡಿ ಎಂದಷ್ಟೇ. ಇನ್ನು 'ಸ್ಕ್ವಾಯರ್' ಎಂಬುದು ಫೆಂಡರ್ ಕಂಪನಿಯದೇ ಅಗ್ಗದ ಸಾಲು. ಫೆಂಡರ್ 1965ರಲ್ಲಿ ಆ ಹೆಸರಿನ ತಂತಿ ಕಂಪನಿಯನ್ನು ಕೊಂಡಿತ್ತು. 1982ರಲ್ಲಿ ಜಪಾನಿನಲ್ಲಿ ಮಾಡಿಸಿದ ಗಿಟಾರ್‌ಗಳಿಗೆ ಆ ಹೆಸರನ್ನು ಇಟ್ಟಿತು. ಹಾಗೆಯೇ 'ಎಪಿಫೋನ್' 1957ರಿಂದ ಗಿಬ್ಸನ್ ಒಡೆತನದಲ್ಲಿದೆ. ಹೀಗಾಗಿ "ಇದು ಫೆಂಡರ್" ಎಂದು ಮಾರುವವರು ಹೇಳಿದಾಗ ಅದು ಸ್ಕ್ವಾಯರ್ ಆಗಿರುವುದೇ ಹೆಚ್ಚು. ಸುಳ್ಳು ಹೇಳಬೇಕೆಂದು ಹೇಳುತ್ತಾರೆಂದಲ್ಲ, ಬಹಳ ಮಂದಿಗೆ ವ್ಯತ್ಯಾಸವೇ ಗೊತ್ತಿರುವುದಿಲ್ಲ. ನೋಡಲು ಎರಡೂ ಒಂದೇ ಆಕಾರ. ಫೆಂಡರ್ ಕಂಪನಿಯ ಸ್ಟ್ರಾಟೋಕ್ಯಾಸ್ಟರ್ 1954ರಲ್ಲಿ ಬಂತು. ಎರಡು ಕೊಂಬು, ಮೂರು ಪಿಕಪ್‌ಗಳ ಆ ಆಕಾರವನ್ನು ಅಲ್ಲಿಂದ ಇಲ್ಲಿಯವರೆಗೆ ನಕಲು ಮಾಡದ ಕಂಪನಿಯೇ ಇಲ್ಲವೇನೋ!

ತೀರಾ ಕಡಿಮೆ ಬೆಲೆಗೆ 'ಅಸಲಿ ಗಿಬ್ಸನ್' ಬಂದರೆ ತಲೆಯ ಮೇಲಿನ ಪುಟ್ಟ ಮುಚ್ಚಳವನ್ನು ನೋಡಿ. ಗಿಬ್ಸನ್‌ನಲ್ಲಿ ಅದಕ್ಕೆ ಸಾಮಾನ್ಯವಾಗಿ ಎರಡು ಸ್ಕ್ರೂ ಇರುತ್ತವೆ. ಅನೇಕ ನಕಲಿಗಳಲ್ಲಿ ಮೂರು. ಇದೊಂದರಿಂದಲೇ ತೀರ್ಮಾನಕ್ಕೆ ಬರಬೇಡಿ. ಆದರೆ ಮೂರು ಕಂಡರೆ ಹಣವನ್ನು ಜೇಬಿನಲ್ಲೇ ಇಟ್ಟುಕೊಂಡು ಮಾತು ಮುಂದುವರಿಸಿ.

ತಲೆಯ ಹಿಂಭಾಗದಲ್ಲಿ, ಅಥವಾ ಕುತ್ತಿಗೆ ಬಾಡಿಗೆ ಸೇರುವಲ್ಲಿನ ಲೋಹದ ತಟ್ಟೆಯ ಮೇಲೆ, ಒಂದು ಸಂಖ್ಯೆ ಇರುತ್ತದೆ. ಅದನ್ನು ಬರೆದುಕೊಳ್ಳಿ. ಅದರಿಂದ ಎಷ್ಟೋ ತಿಳಿಯುತ್ತದೆ. ಉದಾಹರಣೆಗೆ ಸ್ಕ್ವಾಯರ್‌ನಲ್ಲಿ ಸಂಖ್ಯೆಯ ಮೊದಲು 'ಐಸಿಎಸ್' ಎಂಬ ಇಂಗ್ಲಿಷ್ ಅಕ್ಷರಗಳಿದ್ದರೆ ಅದು ಇಂಡೋನೇಷ್ಯಾದ ಕಾರ್ಟ್ ಕಾರ್ಖಾನೆಯಲ್ಲಿ ತಯಾರಾದದ್ದು. ಮುಂದಿನ ಎರಡು ಅಂಕಿ ವರ್ಷ, 14 ಎಂದರೆ 2014. ಮೊದಲಿಗೆ 'ಜೆವಿ' ಎಂದಿದ್ದರೆ ಅದು ಸ್ಕ್ವಾಯರ್‌ನ ಆರಂಭದ ಜಪಾನೀ ಗಿಟಾರ್‌ಗಳಲ್ಲಿ ಒಂದು. ಅದು ಅಗ್ಗದ ಗಿಟಾರ್ ಅಲ್ಲವೇ ಅಲ್ಲ. ಸಂಗ್ರಾಹಕರು ಅದನ್ನು ಹುಡುಕಿಕೊಂಡು ಹೋಗುತ್ತಾರೆ. ಸಂಖ್ಯೆಯೇ ಇಲ್ಲದ, ಹೆಸರೂ ಸರಿಯಾಗಿಲ್ಲದ ಗಿಟಾರ್‌ಗಳೂ ಸಾಕಷ್ಟಿವೆ. ಅವೆಲ್ಲ ಕೆಟ್ಟವು ಎಂದಲ್ಲ. ಅವನ್ನು ಮರುಮಾರಾಟ ಮಾಡುವುದು ಕಷ್ಟ, ಅಷ್ಟೇ.

ಮಾರುವವರ ಬಾಯಲ್ಲಿ ಇನ್ನೊಂದು ಮಾತು ಕೇಳಿಬರುವುದುಂಟು: ಇದು 'ಲಾಸೂಟ್' ಗಿಟಾರ್, ಬಹಳ ಬೆಲೆಯದ್ದು ಎಂದು. ಇದರ ಹಿನ್ನೆಲೆ ಇಷ್ಟು. 1970ರ ದಶಕದಲ್ಲಿ ಜಪಾನಿನ ಕಂಪನಿಗಳು ಅಮೆರಿಕದ ಗಿಟಾರ್‌ಗಳನ್ನು ಹಾಗೆಹಾಗೆಯೇ ನಕಲು ಮಾಡುತ್ತಿದ್ದವು. 1977ರಲ್ಲಿ ಗಿಬ್ಸನ್‌ನ ಒಡೆತನದ ಕಂಪನಿ, ಐಬನೇಜ್ ಗಿಟಾರ್‌ಗಳನ್ನು ಅಮೆರಿಕದಲ್ಲಿ ಮಾರುತ್ತಿದ್ದ ಸಂಸ್ಥೆಯ ಮೇಲೆ ದಾವೆ ಹೂಡಿತು. ದಾವೆ ಇದ್ದದ್ದು ಗಿಟಾರ್‌ನ ತಲೆಯ ಆಕಾರದ ಬಗ್ಗೆ. ಅದು ರಾಜಿಯಲ್ಲಿ ಮುಗಿಯಿತು. ಆ ಒಂದು ದಾವೆಯ ಹೆಸರಿನಲ್ಲಿ ಇಂದು ಹಳೆಯ ಜಪಾನೀ ಗಿಟಾರ್‌ಗಳಿಗೆಲ್ಲ ಬೆಲೆ ಏರಿಸುತ್ತಾರೆ. ಆ ಕಾಲದ ಜಪಾನೀ ಗಿಟಾರ್‌ಗಳಲ್ಲಿ ಅತ್ಯುತ್ತಮವಾದವೂ ಇವೆ, ಪ್ಲೈವುಡ್ಡಿನವೂ ಇವೆ.

ಮರದ ಮಾತು ಬಂದಾಗ ನಮ್ಮ ಕಾಡಿನ ಒಂದು ವಿಚಾರವನ್ನು ಹೇಳದೆ ಮುಂದೆ ಹೋಗಲಾರೆ. ಜಗತ್ತಿನ ಲಕ್ಷಾಂತರ ಗಿಟಾರ್‌ಗಳಲ್ಲಿ ಬೆರಳು ಓಡಾಡುವ ಕಪ್ಪುಗಂದು ಪಟ್ಟಿ ಇದೆಯಲ್ಲ, ಅದು ಬೇರೇನೂ ಅಲ್ಲ, ನಮ್ಮ ಪಶ್ಚಿಮ ಘಟ್ಟದಲ್ಲೂ ಬೆಳೆಯುವ ಬೀಟೆ ಮರ. 2011ರಲ್ಲಿ ಅಮೆರಿಕದ ಅಧಿಕಾರಿಗಳು ಗಿಬ್ಸನ್ ಕಾರ್ಖಾನೆಗೆ ದಾಳಿಯಿಟ್ಟದ್ದು ಭಾರತದಿಂದ ಹೋದ ಬೀಟೆ ಮತ್ತು ಕರಿಮರದ ವಿಷಯಕ್ಕೇ! 2017ರ ಜನವರಿಯಿಂದ ಬೀಟೆಯ ಅಂತರರಾಷ್ಟ್ರೀಯ ವ್ಯಾಪಾರದ ಮೇಲೆ ಹೊಸ ನಿಯಮ ಬಂತು. ತಯಾರಾದ ವಾದ್ಯಗಳಿಗೆ 2019ರಲ್ಲಿ ಅದನ್ನು ಸಡಿಲಿಸಿದರು. ಅಷ್ಟರಲ್ಲಿ ಅಗ್ಗದ ಸ್ಕ್ವಾಯರ್, ಎಪಿಫೋನ್ ಗಿಟಾರ್‌ಗಳು ಬೀಟೆಯನ್ನು ಬಿಟ್ಟು 'ಇಂಡಿಯನ್ ಲಾರೆಲ್' ಎಂಬ ಮರಕ್ಕೆ ಬದಲಾಗಿದ್ದವು. ಹೆಸರು ಹೊಸದೆನಿಸಬಹುದು, ಮರ ನಮಗೆ ಹೊಸದಲ್ಲ. ಅದು ನಮ್ಮ ಮತ್ತಿ ಮರ. ಸ್ಕ್ವಾಯರ್ ಗಿಟಾರ್ ಒಂದರ ಪಟ್ಟಿ ಮತ್ತಿಯದಾಗಿದ್ದು, ಅದು "ಇಪ್ಪತ್ತು ವರ್ಷದ ಹಳೆಯ ಮಾಲು" ಎಂದು ಯಾರಾದರೂ ಹೇಳಿದರೆ ಆ ಮಾತು ನಿಲ್ಲುವುದಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರೋಣ. ಅಗ್ಗದ ಗಿಟಾರ್‌ನ ನಿಜವಾದ ಬೆಲೆ ಇರುವುದು ಅದರ ಕುತ್ತಿಗೆಯಲ್ಲಿ. ಉಳಿದ ಬಹುತೇಕ ಭಾಗಗಳನ್ನು ಕೆಲವು ನೂರು ಅಥವಾ ಒಂದೆರಡು ಸಾವಿರ ರೂಪಾಯಿಯಲ್ಲಿ ಬದಲಾಯಿಸಬಹುದು. ಕುತ್ತಿಗೆ ಕೆಟ್ಟರೆ ಅಗ್ಗದ ಗಿಟಾರ್‌ಗೆ ಅಲ್ಲಿಗೆ ಮುಗಿಯಿತು.

ನೋಡುವುದು ಹೇಗೆ? ಬಡಗಿಯೊಬ್ಬ ಹಲಗೆ ನೇರವಾಗಿದೆಯೇ ಎಂದು ಒಂದು ಕಣ್ಣು ಮುಚ್ಚಿ ನೋಡುತ್ತಾನಲ್ಲ, ಹಾಗೆ. ಗಿಟಾರ್‌ನ ತಲೆಯನ್ನು ಕಣ್ಣಿನ ಬಳಿ ಹಿಡಿದು ಕುತ್ತಿಗೆಯ ಎರಡೂ ಅಂಚುಗಳನ್ನು ಉದ್ದಕ್ಕೂ ನೋಡಿ. ಒಂದು ಅಂಚು ಒಂದು ರೀತಿ, ಇನ್ನೊಂದು ಇನ್ನೊಂದು ರೀತಿ ಹೋಗುತ್ತಿದ್ದರೆ ಕುತ್ತಿಗೆ ತಿರುಚಿಕೊಂಡಿದೆ ಎಂದರ್ಥ. ಅಂಥದ್ದನ್ನು ಉಚಿತವಾಗಿ ಕೊಟ್ಟರೂ ಕಲಿಯುವ ಮಗುವಿಗೆ ಬೇಡ. ಮಳೆಗಾಲವಿಡೀ ಗೋಡೆಗೆ ಒರಗಿಸಿಟ್ಟ ಗಿಟಾರ್‌ಗಳಲ್ಲಿ ಇದನ್ನು ನೋಡುತ್ತೇವೆ. ಎರಡೂ ಅಂಚು ಸಮನಾಗಿ ಬಾಗಿದ್ದರೆ ಹೆದರಬೇಕಿಲ್ಲ. ಕುತ್ತಿಗೆಯ ಒಳಗೆ ಟ್ರಸ್ ರಾಡ್ ಎಂಬ ಉಕ್ಕಿನ ಸರಳಿದೆ. ಅದನ್ನು ತಿರುಗಿಸಿ ಬಾಗನ್ನು ಸರಿಪಡಿಸಬಹುದು.

ಬಾಗು ಎಷ್ಟಿರಬೇಕು? ಒಂದು ತಂತಿಯನ್ನು ಮೊದಲ ಫ್ರೆಟ್‌ನಲ್ಲಿ ಒಂದು ಕೈಯಿಂದ, ಕೊನೆಯ ಫ್ರೆಟ್‌ನಲ್ಲಿ ಇನ್ನೊಂದು ಕೈಯಿಂದ ಒತ್ತಿ ಹಿಡಿಯಿರಿ. ನಡುವೆ, ಏಳನೆಯ ಫ್ರೆಟ್‌ನ ಸುಮಾರಿಗೆ, ತಂತಿಗೂ ಫ್ರೆಟ್‌ಗೂ ನಡುವೆ ಒಂದು ವಿಸಿಟಿಂಗ್ ಕಾರ್ಡ್ ದಪ್ಪದ ಸಂದು ಇದ್ದರೆ ಸರಿ. ಬಹಳ ಹೆಚ್ಚಿದ್ದರೆ ಮಾರುವವರ ಒಪ್ಪಿಗೆ ಪಡೆದು ಟ್ರಸ್ ರಾಡನ್ನು ಕಾಲು ಸುತ್ತು ಮಾತ್ರ ತಿರುಗಿಸಿ ನೋಡಿ. ಅದು ತಿರುಗಬೇಕು, ಸಂದು ಕಡಿಮೆಯಾಗಬೇಕು. ತಿರುಗಿಸುವ ತಲೆ ಸವೆದು ಹೋಗಿದ್ದರೆ, ಅಥವಾ ಪೂರ್ತಿ ಬಿಗಿದಿದ್ದರೂ ಕುತ್ತಿಗೆ ಬಾಗಿಯೇ ಇದ್ದರೆ, ನಮಸ್ಕಾರ ಹೇಳಿ ಹೊರಡಿ. ಇದನ್ನೆಲ್ಲ ಮಾಡಲು ನಿಮಗೆ ಧೈರ್ಯ ಬಾರದಿದ್ದರೆ ಗಿಟಾರ್ ಬಲ್ಲವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗುವುದು ಒಳ್ಳೆಯದು. ಕೊಂಡ ಮೇಲೆ ಕರೆದು ತೋರಿಸುವವರೇ ನಮ್ಮಲ್ಲಿ ಹೆಚ್ಚು.

ಹನ್ನೆರಡನೆಯ ಫ್ರೆಟ್‌ನ ಮೇಲೆ ತಂತಿ ಎಷ್ಟು ಎತ್ತರದಲ್ಲಿದೆ ಎಂದು ಸಣ್ಣ ಅಳತೆಪಟ್ಟಿ ಇಟ್ಟು ನೋಡಿ. ಒಂದೂವರೆಯಿಂದ ಎರಡು ಮಿಲಿಮೀಟರ್ ಇದ್ದರೆ ಹಿತ. ನಾಲ್ಕು ಇದ್ದರೆ ಬೆರಳಿಗೆ ಶಿಕ್ಷೆ. ಆದರೆ ಎತ್ತರವನ್ನು ಬ್ರಿಡ್ಜ್‌ನ ಸಣ್ಣ ಸ್ಕ್ರೂಗಳಿಂದ ತಗ್ಗಿಸಬಹುದು. ಆದ್ದರಿಂದ ಕುತ್ತಿಗೆ ನೆಟ್ಟಗಿದ್ದು ತಂತಿ ಮಾತ್ರ ಎತ್ತರದಲ್ಲಿದ್ದರೆ ಅದು ನಿಮ್ಮ ಚೌಕಾಸಿಗೆ ಅನುಕೂಲ, ಗಿಟಾರ್‌ಗೆ ದೋಷವಲ್ಲ.

ಆಮೇಲೆ ಫ್ರೆಟ್‌ಗಳು. ಮೊದಲ ಮೂರ್ನಾಲ್ಕು ಫ್ರೆಟ್‌ಗಳ ಮೇಲೆ ತಂತಿ ಕೊರೆದ ಗುಳಿಗಳಿವೆಯೇ ನೋಡಿ. ಸ್ವಲ್ಪ ಇದ್ದರೆ ಉಜ್ಜಿ ಸಮ ಮಾಡಬಹುದು. ಆಳವಾಗಿದ್ದರೆ ಫ್ರೆಟ್‌ಗಳನ್ನೇ ಬದಲಿಸಬೇಕಾಗುತ್ತದೆ. ಅಗ್ಗದ ಗಿಟಾರ್‌ಗೆ ಆ ಕೂಲಿ ಗಿಟಾರ್‌ನ ಬೆಲೆಯನ್ನೇ ಮೀರಬಹುದು. ಆರು ತಂತಿಗಳಲ್ಲೂ ಒಂದೊಂದೇ ಫ್ರೆಟ್ ಒತ್ತಿ ನುಡಿಸುತ್ತಾ ಹೋಗಿ. ಒಟ್ಟು ನೂರಮೂವತ್ತರಷ್ಟು ಸ್ವರಗಳಾಗುತ್ತವೆ, ಹತ್ತು ನಿಮಿಷದ ಕೆಲಸ. ಎಲ್ಲಿ ಝೇಂಕರಿಸುತ್ತದೆ, ಎಲ್ಲಿ ಸ್ವರ ಸತ್ತುಹೋಗುತ್ತದೆ ಎಂದು ತಿಳಿಯುತ್ತದೆ. ಕುತ್ತಿಗೆಯ ಅಂಚಿನಲ್ಲಿ ಫ್ರೆಟ್‌ಗಳ ತುದಿ ಗರಗಸದಂತೆ ಕೈಗೆ ತಾಗಿದರೆ ಮರ ಒಣಗಿ ಕುಗ್ಗಿದೆ ಎಂದರ್ಥ. ಬಳ್ಳಾರಿ, ರಾಯಚೂರಿನ ಬೇಸಿಗೆಯಲ್ಲಿ ಇದು ಹೊಸದಲ್ಲ. ಅರದಿಂದ ಉಜ್ಜಿದರೆ ಸರಿಯಾಗುತ್ತದೆ. ಕರಾವಳಿಯ ಕಥೆ ಬೇರೆ. ಅಲ್ಲಿ ಮರಕ್ಕಿಂತ ಕಬ್ಬಿಣಕ್ಕೆ ಹೆಚ್ಚು ತೊಂದರೆ. ಬ್ರಿಡ್ಜ್‌ನ ಸ್ಕ್ರೂಗಳು ತುಕ್ಕು ಹಿಡಿದು ಕಚ್ಚಿಕೊಂಡಿದ್ದರೆ ಮೇಲೆ ಹೇಳಿದ ಎತ್ತರ ತಗ್ಗಿಸುವ ಕೆಲಸವೇ ಆಗುವುದಿಲ್ಲ.

ಶ್ರುತಿ ಪರೀಕ್ಷೆಯನ್ನು ಮೊಬೈಲಿನ ಟ್ಯೂನರ್‌ನಿಂದಲೇ ಮಾಡಬಹುದು. ತಂತಿಯನ್ನು ಬಿಟ್ಟು ನುಡಿಸಿದಾಗ ಸರಿಯಿರುವ ಸ್ವರ, ಹನ್ನೆರಡನೆಯ ಫ್ರೆಟ್ ಒತ್ತಿ ನುಡಿಸಿದಾಗ ಅದರ ಮೇಲಿನ ಸ್ಥಾಯಿಯಲ್ಲೂ ಸರಿಯಿರಬೇಕು. ಸ್ವಲ್ಪ ಹೆಚ್ಚುಕಡಿಮೆ ಇದ್ದರೆ ಬ್ರಿಡ್ಜ್‌ನಲ್ಲಿ ಹಿಂದೆಮುಂದೆ ಮಾಡಿ ಸರಿಪಡಿಸಬಹುದು. ಎಷ್ಟು ಸರಿಸಿದರೂ ಹೊಂದದಿದ್ದರೆ ಬ್ರಿಡ್ಜ್ ಕೂರಿಸಿದ ಜಾಗವೇ ತಪ್ಪಿರಬಹುದು. ತಲೆಯ ಕಡೆಯ ನಟ್‌ನಿಂದ ಹನ್ನೆರಡನೆಯ ಫ್ರೆಟ್‌ಗೆ ಇರುವಷ್ಟೇ ದೂರ ಅಲ್ಲಿಂದ ಬ್ರಿಡ್ಜ್‌ಗೂ ಹೆಚ್ಚುಕಡಿಮೆ ಇರಬೇಕು. ಸ್ಟ್ರಾಟ್ ಮಾದರಿಯಲ್ಲಿ ಒಂದೊಂದು ಭಾಗ ಸುಮಾರು 324 ಮಿಲಿಮೀಟರ್.

ಗಿಬ್ಸನ್, ಎಪಿಫೋನ್ ಮಾದರಿಗಳಲ್ಲಿ ತಲೆ ಹಿಂದಕ್ಕೆ ವಾಲಿರುತ್ತದೆ. ಸ್ಟ್ಯಾಂಡಿನಿಂದ ಬಿದ್ದರೆ ತಲೆಯ ಕೆಳಗೆ ಬಿರುಕು ಬಿಡುತ್ತದೆ. ಅಲ್ಲಿ ಬಣ್ಣ ಹೊಸದಾಗಿ ಕಂಡರೆ ಕೇಳಿ. ಚೆನ್ನಾಗಿ ಅಂಟಿಸಿದ್ದರೆ ನುಡಿಸಲು ತೊಂದರೆಯಿಲ್ಲ, ಆದರೆ ಬೆಲೆ ಬಹಳ ಇಳಿಯಬೇಕು. ಬಾಡಿಯ ಮೇಲಿನ ಗೀರು, ತಗ್ಗು, ಮಾಸಿದ ಬಣ್ಣ ಇವುಗಳಿಗೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ. ಪ್ಲೈವುಡ್ಡೋ ಗಟ್ಟಿಮರವೋ ಎಂಬುದು ಪಿಕಪ್‌ನ ಗುಂಡಿಯೊಳಗೆ ಬಣ್ಣವಿಲ್ಲದ ಜಾಗದಲ್ಲಿ ಪದರಗಳು ಕಾಣುತ್ತವೆಯೇ ಎಂಬುದರಿಂದ ತಿಳಿಯುತ್ತದೆ. ಕಲಿಯುವವರಿಗೆ ಪ್ಲೈವುಡ್ಡಿನಿಂದ ನಷ್ಟವೇನಿಲ್ಲ, ಬೆಲೆ ಮಾತ್ರ ಅದಕ್ಕೆ ತಕ್ಕಂತಿರಲಿ. ಒಂದು ಎಚ್ಚರಿಕೆ: ತಂತಿಯನ್ನು ನಟ್‌ನಲ್ಲೂ ಬ್ರಿಡ್ಜ್‌ನಲ್ಲೂ ಬೀಗ ಹಾಕಿದಂತೆ ಬಿಗಿಯುವ, ಅಲುಗಾಡುವ ಬ್ರಿಡ್ಜ್ ಇರುವ ಅಗ್ಗದ ಗಿಟಾರ್‌ಗಳು ನೋಡಲು ಆಕರ್ಷಕ. ಹುಡುಗರು ಅದನ್ನೇ ಬಯಸುತ್ತಾರೆ. ಅದರ ಅಂಚು ಸವೆದ ಮೇಲೆ ಶ್ರುತಿ ನಿಲ್ಲುವುದೇ ಇಲ್ಲ. ಅಲುಗಾಡದ ಬ್ರಿಡ್ಜ್ ಇರುವುದನ್ನೇ ಆರಿಸಿ.

ವಿದ್ಯುತ್ ಭಾಗಗಳ ಬಗ್ಗೆ ಜನ ಅನಗತ್ಯವಾಗಿ ಹೆದರುತ್ತಾರೆ. ನಿಜಕ್ಕೂ ಗಿಟಾರ್‌ನ ಒಳಗೆ ಇರುವುದು ಬಹಳ ಕಡಿಮೆ. ಆಯಸ್ಕಾಂತಕ್ಕೆ ಸುತ್ತಿದ ತೆಳು ತಾಮ್ರದ ತಂತಿ, ಅದೇ ಪಿಕಪ್. ಎರಡು ಮೂರು ನಾಬ್, ಒಂದು ಸ್ವಿಚ್, ಒಂದು ಜಾಕ್. ನಾಬ್ ತಿರುಗಿಸಿದಾಗ ಕರಕರ ಎಂದರೆ ಧೂಳು. ಜಾಕ್ ಅಲುಗಿಸಿದಾಗ ಶಬ್ದ ಹೋಗಿ ಬಂದರೆ ಬೆಸುಗೆ ಬಿಟ್ಟಿದೆ. ರೇಡಿಯೋ ರಿಪೇರಿ ಬಲ್ಲ ಯಾರಾದರೂ ಅರ್ಧ ಗಂಟೆಯಲ್ಲಿ ಸರಿಪಡಿಸುತ್ತಾರೆ. ಪಿಕಪ್ ಸತ್ತಿದೆಯೇ ಎಂದು ತಿಳಿಯಲು ಆಂಪ್‌ಗೆ ಜೋಡಿಸಿ, ಸ್ವಿಚ್ ಬದಲಾಯಿಸುತ್ತಾ, ಒಂದೊಂದರ ಮೇಲೂ ಸ್ಕ್ರೂಡ್ರೈವರ್‌ನಿಂದ ಮೆಲ್ಲಗೆ ತಟ್ಟಿ. 'ಟಕ್' ಎಂದು ಕೇಳಿದರೆ ಜೀವವಿದೆ. ಒಂದೇ ಸುರುಳಿಯ ಪಿಕಪ್‌ಗಳಲ್ಲಿ ಸ್ವಲ್ಪ ಗುಂಯ್‌ಗುಡುವಿಕೆ ಸಹಜ. 1955ರಲ್ಲಿ ಗಿಬ್ಸನ್‌ನ ಸೆತ್ ಲವರ್ ಎಂಬುವರು ಎರಡು ಸುರುಳಿ ಜೋಡಿಸಿ 'ಹಂಬಕರ್' ರೂಪಿಸಿದ್ದು ಅದನ್ನು ನೀಗಿಸಲೆಂದೇ.

ಹಾಗಾದರೆ ಎಷ್ಟು ಕೊಡಬೇಕು? ನಾನು ಅನುಸರಿಸುವ ಲೆಕ್ಕ ಹೀಗಿದೆ. ಅದೇ ಮಾದರಿ, ಅಥವಾ ಅದಕ್ಕೆ ಸಮನಾದದ್ದು, ಇಂದು ಹೊಸದಾಗಿ ಎಷ್ಟಕ್ಕೆ ಸಿಗುತ್ತದೆ ಎಂದು ಅಂಗಡಿಯಲ್ಲಿ ಕೇಳಿ. 20,000 ರೂಪಾಯಿ ಎಂದಿಟ್ಟುಕೊಳ್ಳೋಣ. ಚೆನ್ನಾಗಿರುವ ಹಳೆಯದಕ್ಕೆ ಅದರ ಅರ್ಧ, 10,000. ಅದರಲ್ಲಿ ಹೊಸ ತಂತಿ, ಹೊಂದಿಸುವ ಕೂಲಿ, ಜಾಕ್ ರಿಪೇರಿ ಎಂದು ಎರಡು ಸಾವಿರ ಕಳೆಯಿರಿ. ಫ್ರೆಟ್ ಸವೆದಿದ್ದರೆ ಇನ್ನೆರಡು ಸಾವಿರ. ಉಳಿದದ್ದು ಆರು ಸಾವಿರ. ಹೆಸರೂ ಸಂಖ್ಯೆಯೂ ಇಲ್ಲದ ಗಿಟಾರ್‌ಗೆ ಅದಕ್ಕಿಂತಲೂ ಕಡಿಮೆ. ಇದು ಕಟ್ಟುನಿಟ್ಟಿನ ನಿಯಮವಲ್ಲ. ಯಮಾಹಾ ಪೆಸಿಫಿಕಾ 112ರಂಥ ಗಿಟಾರ್ ಒಳ್ಳೆಯ ಕುತ್ತಿಗೆಯೊಂದಿಗೆ ಸಿಕ್ಕರೆ ನಾನು ಅರ್ಧಕ್ಕಿಂತ ಹೆಚ್ಚು ಕೊಡಲೂ ಸಿದ್ಧ. ಅಗ್ಗದ ಗಿಟಾರ್‌ಗಳಲ್ಲಿ ಇಷ್ಟು ನಂಬಿಕೆಯ ತಯಾರಿಕೆ ಕಡಿಮೆ. ಕೊಳ್ಳುವಾಗ ಹಳೆಯ ಬಿಲ್ಲು ಕೇಳಿ. ಬಿಲ್ಲು ಇಲ್ಲದಿದ್ದರೆ ಮಾರುವವರಿಂದ ಸಂಖ್ಯೆ ಸಹಿತ ಒಂದು ಚೀಟಿಯನ್ನಾದರೂ ಬರೆಸಿಕೊಳ್ಳಿ. ಕದ್ದ ಮಾಲು ಮನೆಗೆ ಬರುವುದು ಬೇಡ.

ಇನ್ನೊಂದು ಖರ್ಚನ್ನು ಬಹುತೇಕ ಮಂದಿ ಮರೆಯುತ್ತಾರೆ. ಎಲೆಕ್ಟ್ರಿಕ್ ಗಿಟಾರ್ ತಾನಾಗಿ ಶಬ್ದ ಮಾಡುವುದಿಲ್ಲ, ಆಂಪ್ಲಿಫೈಯರ್ ಬೇಕು. ಚರ್ಚಿನ ಮೈಕ್‌ಸೆಟ್‌ಗೆ ಸೇರಿಸಿಬಿಡೋಣ ಎನ್ನುತ್ತಾರೆ. ಮಿಕ್ಸರ್‌ನ ಸಾಮಾನ್ಯ ಜಾಕ್‌ಗೆ ನೇರವಾಗಿ ಚುಚ್ಚಿದರೆ ಧ್ವನಿ ಮಂಕಾಗಿ, ಕಂಬಳಿ ಹೊದ್ದಂತೆ ಕೇಳಿಸುತ್ತದೆ. ಪಿಕಪ್‌ನ ದುರ್ಬಲ ಸಂಕೇತವನ್ನು ಆ ಜಾಕ್ ಎಳೆದು ಕುಗ್ಗಿಸುತ್ತದೆ. ನಡುವೆ ಡಿಐ ಬಾಕ್ಸ್ ಎಂಬ ಪುಟ್ಟ ಪೆಟ್ಟಿಗೆ ಬೇಕು, ಇಲ್ಲವೇ ಮಿಕ್ಸರ್‌ನಲ್ಲಿ ಗಿಟಾರ್‌ಗೆಂದೇ ಇರುವ ಜಾಕ್ ಇರಬೇಕು.

ಹಳೆಯ ಆಂಪ್ ಕೊಳ್ಳುವಾಗ ಮಾತ್ರ ದಯವಿಟ್ಟು ಹುಷಾರಾಗಿರಿ. ಅದರ ಪ್ಲಗ್‌ನ ಮೂರನೆಯ ಪಿನ್ನನ್ನು ಯಾರೂ ಮುರಿದಿರಬಾರದು, ನೀವು ಚುಚ್ಚುವ ಸಾಕೆಟ್‌ಗೂ ನಿಜವಾದ ಅರ್ಥಿಂಗ್ ಇರಬೇಕು. ನುಡಿಸುವವರ ಬೆರಳು ಲೋಹದ ತಂತಿಯ ಮೇಲಿರುತ್ತದೆ. ಆ ತಂತಿ ಆಂಪ್‌ನ ಅರ್ಥಿಂಗ್‌ಗೆ ಸೇರಿರುತ್ತದೆ. ಅರ್ಥಿಂಗ್ ಇಲ್ಲದ ಆಂಪ್ ಒಳಗೆ ಕೆಟ್ಟಾಗ, ತುಟಿ ಮೈಕಿಗೆ ತಾಗಿದರೆ ಸಾಕು, ಪ್ರಾಣಕ್ಕೇ ಅಪಾಯ. ಹಳೆಯ ಚರ್ಚು ಕಟ್ಟಡಗಳ ಗಾಯಕರ ಅಟ್ಟದಲ್ಲಿ ಅರ್ಥಿಂಗ್ ಇದೆಯೇ ಎಂದು ಎಲೆಕ್ಟ್ರಿಷಿಯನ್ ಒಬ್ಬರಿಂದ ಒಮ್ಮೆ ಪರೀಕ್ಷೆ ಮಾಡಿಸಿ. ಅಮೆರಿಕದಲ್ಲಿರುವ ಬಂಧುಗಳು ತಂದ ಆಂಪ್ ಆದರೆ ಹಿಂಭಾಗದಲ್ಲಿ ಎಷ್ಟು ವೋಲ್ಟ್ ಎಂದು ಓದಿ. ಅಲ್ಲಿಯದು 120 ವೋಲ್ಟ್, ನಮ್ಮದು 230. ಟ್ರಾನ್ಸ್‌ಫಾರ್ಮರ್ ಇಲ್ಲದೆ ಚುಚ್ಚಿದರೆ ಹೊಗೆ ಬರುತ್ತದೆ.

ಕೊನೆಯದಾಗಿ, ಮಾರುವ ಮನೆಯವರಿಗೂ ಒಂದು ಮಾತು. ತೀರಿಹೋದ ತಂದೆಯದೋ ದೊಡ್ಡಪ್ಪನದೋ ಗಿಟಾರ್ ಅಟ್ಟದ ಮೇಲೆ ಇದ್ದರೆ ಗುಜರಿಯವರಿಗೆ ತೂಕಕ್ಕೆ ಹಾಕುವ ಮೊದಲು ಆ ಸಂಖ್ಯೆಯನ್ನೊಮ್ಮೆ ನೋಡಿಸಿ. ಚೆಂದ ಕಾಣಲೆಂದು ಬಣ್ಣ ಬಳಿಸಬೇಡಿ, ಹಳೆಯ ಕೀಗಳನ್ನು ಬಿಚ್ಚಿ ಹೊಸದು ಹಾಕಿಸಬೇಡಿ, ಹಾಗೆ ಮಾಡಿದರೆ ಅಪರೂಪದ ಗಿಟಾರ್‌ನ ಬೆಲೆ ಅಲ್ಲೇ ಇಳಿದುಹೋಗುತ್ತದೆ. ತಂತಿಗಳನ್ನು ಸ್ವಲ್ಪ ಸಡಿಲಿಸಿ, ಒಣಬಟ್ಟೆಯಿಂದ ಒರೆಸಿ ಇಡಿ. ಮೂಲ ಪೆಟ್ಟಿಗೆ, ಬ್ರಿಡ್ಜ್‌ಗೆ ಸಿಕ್ಕಿಸುವ ಕಡ್ಡಿ, ಟ್ರಸ್ ರಾಡಿನ ಕೀಲಿ ಮನೆಯಲ್ಲೆಲ್ಲೋ ಬಿದ್ದಿದ್ದರೆ ಹುಡುಕಿ ಗಿಟಾರ್‌ನ ಜೊತೆಯಲ್ಲೇ ಕೊಡಿ. ಕುತ್ತಿಗೆ ಬಾಗಿರುವುದು ಗೊತ್ತಿದ್ದರೆ ಕೊಳ್ಳಲು ಬಂದವರಿಗೆ ಅದನ್ನು ಮೊದಲೇ ಹೇಳಿಬಿಡಿ.